ನಾಲ್ಕಂಗುಲದ ದಾರಿ

ಗರಡಿಮನೆಯೆಂದರೆ ಗಂಡುಮಕ್ಕಳದು ಎಂಬ ನಂಬಿಕೆಯಲ್ಲಿ ಬೆಳೆದ ದಂಪತಿಗಳು ನಾವು. ಒಬ್ಬರ ಊರು ಶಿಕಾರಿಪುರ, ಇನ್ನೊಬ್ಬರ ತವರು ಸೊರಬ. ಕೆಮ್ಮಣ್ಣಿನ ಅಖಾಡ, ದಂಡ, ಬಸ್ಕಿ, ಗುಂಡುಕಲ್ಲು ಇವೆಲ್ಲ ಅಣ್ಣತಮ್ಮಂದಿರ ಪಾಲು. ಅಕ್ಕತಂಗಿಯರಿಗೆ ಹೊಸ್ತಿಲ ಹೊರಗಿನ ನೋಟ ಮಾತ್ರ. ನಮ್ಮ ತಾಲ್ಲೂಕಿನ ಬಳ್ಳಿಗಾವೆಯನ್ನು ಆಳಿದ ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ತನ್ನ 'ಮಾನಸೋಲ್ಲಾಸ'ದಲ್ಲಿ ಮಲ್ಲರ ಕಂಬದ ಸಾಧನೆಯನ್ನು ಹೇಳಿದ್ದಾನೆ. ಅದೂ ಗಂಡಸರದೇ.

ಹೀಗಿರುವಾಗ ಅಮೆರಿಕದಲ್ಲಿರುವ ಮೊಮ್ಮಗಳು ಜಿಮ್ನಾಸ್ಟಿಕ್ಸ್ ಕಲಿಯುತ್ತಿರುವಳೆಂದು ಮಗ ಬರೆದಾಗ, ಚಿಕ್ಕಮಕ್ಕಳ ಲಾಗ ಹಾಕುವ ಆಟವಿರಬೇಕೆಂದು ಭಾವಿಸಿ ಸುಮ್ಮನಾದೆವು. ಕಳೆದ ಬಾರಿ ಆರು ತಿಂಗಳು ಅಲ್ಲಿ ತಂಗಿದ್ದಾಗಲೇ ಅದರ ನಿಜರೂಪ ಕಂಡದ್ದು. ನೆಲದಿಂದ 125 ಸೆಂಟಿಮೀಟರ್ ಎತ್ತರದಲ್ಲಿ 5 ಮೀಟರ್ ಉದ್ದದ ಒಂದು ದೂಲ. ಅದರ ಅಗಲ ಕೇವಲ 10 ಸೆಂಟಿಮೀಟರ್, ಅಂದರೆ ನಾಲ್ಕಂಗುಲ. ನಮ್ಮ ಗದ್ದೆಯ ಬದು ಇದಕ್ಕಿಂತ ಅಗಲ, ಅದರ ಮೇಲೂ ನಾವು ಮಳೆಗಾಲದಲ್ಲಿ ಜಾರಿದ್ದುಂಟು. ಹುಡುಗಿ ಆ ದೂಲದ ಮೇಲೆ ಹಿಂದಕ್ಕೆ ಲಾಗ ಹಾಕಿ ನಿಂತಳು. ಅಜ್ಜಿ ಕಣ್ಣು ಮುಚ್ಚಿಕೊಂಡದ್ದರಿಂದ ಅವರಿಗೆ ಸದ್ದು ಮಾತ್ರ ಕೇಳಿಸಿತು. ಶಾಲೆಯ ಪಾಠ ಮುಗಿದ ಮೇಲೆ ವಾರಕ್ಕೆ ಇಪ್ಪತ್ತು ಗಂಟೆ ಇದೇ ಅಭ್ಯಾಸ.

ಅಲ್ಲಿ ಒಂದರಿಂದ ಹತ್ತರವರೆಗೆ ಮೆಟ್ಟಿಲುಗಳಿವೆ. ಹತ್ತನೆಯದನ್ನು ತಲುಪಿದವರ ಮುಂದೆ ದಾರಿ ಕವಲೊಡೆಯುತ್ತದೆ. ಒಂದು, 'ಎಲೀಟ್' ಎನ್ನುವ ಒಲಿಂಪಿಕ್ಸ್ ದಾರಿ. ಅಲ್ಲಿ 2006ರಿಂದ ಅಂಕಗಳಿಗೆ ಮೇಲಿನ ಮಿತಿಯಿಲ್ಲ. ಆಟ ಕಠಿಣವಾದಷ್ಟೂ ಅಂಕ ಹೆಚ್ಚು. ಇನ್ನೊಂದು ಕಾಲೇಜಿನ ದಾರಿ. 1976ರಲ್ಲಿ ಹದಿನಾಲ್ಕರ ನಾದಿಯಾ ಕೊಮನೇಚಿಗೆ ಒಲಿಂಪಿಕ್ಸ್‌ನಲ್ಲಿ ದೊರೆತ ಹತ್ತಕ್ಕೆ ಹತ್ತು ಎಂಬ ಅಂಕ ಇಂದಿಗೂ ಉಳಿದಿರುವುದು ಈ ದಾರಿಯಲ್ಲಿ. ಪ್ರತಿ ಸಾಧನದ ಮೇಲೂ ತಂಡದ ಆರು ಮಂದಿ ಆಡುತ್ತಾರೆ, ಐವರ ಅಂಕ ಲೆಕ್ಕಕ್ಕೆ ಬರುತ್ತದೆ. ಶಿಕ್ಷಣದಲ್ಲಿ ಹೆಣ್ಣುಗಂಡೆಂಬ ಭೇದ ಕೂಡದೆಂದು 1972ರಲ್ಲಿ ಆದ ಕಾನೂನಿನ ಫಲವಾಗಿ ಹುಡುಗಿಯರ ಆಟಕ್ಕೂ ಹಣ ಬಂದಿತು, ವಿದ್ಯಾರ್ಥಿವೇತನ ಬಂದಿತು. ವಿಚಿತ್ರವೆಂದರೆ, ಗಂಡುಮಕ್ಕಳ ತಂಡವಿರುವ ಕಾಲೇಜುಗಳು ಅಲ್ಲೀಗ ಬಹಳ ಕಡಿಮೆ. ನಮ್ಮ ಗರಡಿಯ ಲೆಕ್ಕವೇ ತಲೆಕೆಳಗು!

"ಅಪ್ಪಾಜಿ, ಇವಳನ್ನು ಎಲೀಟ್‌ಗೆ ಕಳಿಸೋಣವೇ? ನೀವಿಬ್ಬರೂ ಏನು ಹೇಳುತ್ತೀರಿ?" ಎಂದು ಒಂದು ರಾತ್ರಿ ಊಟದ ಬಳಿಕ ಮಗ ಕೇಳಿದ. ತರಬೇತುದಾರರು ಅವಳಿಗೆ ಶಕ್ತಿಯಿದೆ ಎಂದಿದ್ದರಂತೆ. ಉಡುಪಿನ ವಿಚಾರವಾಗಿ ನಾವು ಆಕ್ಷೇಪಿಸುವೆವೆಂದು ಸೊಸೆ ಅಂಜಿದ್ದರು. ಟೋಕಿಯೋದಲ್ಲಿ 2021ರಲ್ಲಿ ಜರ್ಮನಿಯ ಹುಡುಗಿಯರು ಕಣಕಾಲಿನವರೆಗೆ ಮುಚ್ಚುವ ಉಡುಪಿನಲ್ಲಿ ಆಡಿದರಲ್ಲ. ಅದು ಆಡುವವಳ ಇಷ್ಟಕ್ಕೆ ಬಿಟ್ಟದ್ದು. ನಮ್ಮ ಭಯವೇ ಬೇರೆ. ಆ ದೇಶದ ತಂಡದ ವೈದ್ಯನಾಗಿದ್ದ ಲ್ಯಾರಿ ನಾಸರ್ ಚಿಕಿತ್ಸೆಯ ಹೆಸರಿನಲ್ಲಿ ವರ್ಷಾನುಗಟ್ಟಲೆ ಬಾಲೆಯರ ಮೇಲೆ ಅತ್ಯಾಚಾರವೆಸಗಿದ್ದು 2016ರಲ್ಲಿ ಬಯಲಾಯಿತು. 2018ರ ಜನವರಿಯಲ್ಲಿ ನೂರೈವತ್ತಕ್ಕೂ ಹೆಚ್ಚು ಮಂದಿ ನ್ಯಾಯಾಲಯದಲ್ಲಿ ತಮ್ಮ ನೋವನ್ನು ಹೇಳಿಕೊಂಡರು. ಅವನಿಗೆ 40ರಿಂದ 175 ವರ್ಷಗಳ ಸೆರೆಯಾಯಿತು. ಕೆಲವರು ಮೊದಲೇ ಹೇಳಿದ್ದರು, ಹಿರಿಯರು ಕಿವಿಗೊಡಲಿಲ್ಲ. ಪದಕದ ಆಸೆ ಹಿರಿಯರನ್ನು ಎಷ್ಟು ಕಿವುಡರನ್ನಾಗಿಸಬಲ್ಲದು!

ಆದಕಾರಣ ನಾವು ಉತ್ತರ ಹೇಳುವ ಮುನ್ನ ಕೇಳಿದ್ದು ಒಂದೇ ಪ್ರಶ್ನೆ: ಕಾಲಿಗೆ ಪೆಟ್ಟಾದಾಗ ಅವಳ ಜೊತೆ ಕೋಣೆಯೊಳಗೆ ಯಾರಿರುತ್ತಾರೆ? ಮೊದಲು ಕಲಿಯುತ್ತಿದ್ದ ಕೇಂದ್ರದಲ್ಲಿ ತಂದೆತಾಯಿಗಳಿಗೆ ಒಳಗೆ ಪ್ರವೇಶವಿರಲಿಲ್ಲವಂತೆ. ಅದೇ ಕಾರಣಕ್ಕೆ ಸೊಸೆ ಅದನ್ನು ಬಿಡಿಸಿದ್ದರು. ಈಗಿನ ಕಡೆ ಎಲ್ಲರೂ ಕುಳಿತು ನೋಡಬಹುದು. ಆ ವಿಷಯದಲ್ಲಿ ನಮಗಿಂತ ಸೊಸೆಯೇ ಮುಂದಿದ್ದರೆಂದು ತಿಳಿದು ಸಮಾಧಾನವಾಯಿತು.

ಮೊಮ್ಮಗಳೇ ಆಮೇಲೆ ನಮಗೆ ಕೇಟ್ಲಿನ್ ಒಹಾಶಿಯ ಕಥೆ ಹೇಳಿದಳು. 2013ರ ಅಮೆರಿಕನ್ ಕಪ್‌ನಲ್ಲಿ ಸಿಮೋನ್ ಬೈಲ್ಸ್‌ಳನ್ನೇ ಹಿಂದಿಕ್ಕಿದ ಆ ಹುಡುಗಿ ಗಾಯಗಳಿಂದ ಬಸವಳಿದು ಎಲೀಟ್ ದಾರಿಯನ್ನು ಬಿಟ್ಟಳು. ಕಾಲೇಜಿಗೆ ಸೇರಿ 2019ರಲ್ಲಿ ಹತ್ತಕ್ಕೆ ಹತ್ತು ಪಡೆದಳು. ಆ ಆಟವನ್ನು ಲೋಕವೆಲ್ಲ ನೋಡಿತು. ಮುಖದಲ್ಲಿ ಅಂಥ ನಗು! ನಾವು ಅದನ್ನು ಮೂರು ಸಲ ನೋಡಿದೆವು. ಭಾರತೀಯ ತಂದೆಯ ಮಗಳಾದ ಮೋಹಿನಿ ಭಾರದ್ವಾಜ್ ಇದೇ ಲಾಸ್ ಏಂಜಲೀಸ್ ವಿಶ್ವವಿದ್ಯಾಲಯದಲ್ಲಿ ಓದಿ ಮುಗಿಸಿ, ಇಪ್ಪತ್ತೈದರ ವಯಸ್ಸಿನಲ್ಲಿ 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ತಂಡದೊಡನೆ ಬೆಳ್ಳಿ ಗೆದ್ದವರು. ಕಾಲೇಜಿಗೆ ಹೋದರೆ ಒಲಿಂಪಿಕ್ಸ್‌ನ ಬಾಗಿಲು ಮುಚ್ಚಿತೆಂದು ಅರ್ಥವಲ್ಲ ಎಂಬುದಕ್ಕೆ ಹುಡುಗಿ ಇವರನ್ನು ಸಾಕ್ಷಿಯಾಗಿ ತಂದಳು. ವಕೀಲಿ ಓದಿದರೂ ಆದೀತು.

ಕಾಲೇಜನ್ನೇ ಆಕೆ ಆರಿಸಿಕೊಂಡಿದ್ದಾಳೆ. ಈಗ ಹತ್ತನೆಯ ತರಗತಿ. ಅಲ್ಲಿಯ ನಿಯಮದಂತೆ ಬರುವ ಜೂನ್ 15ರ ತನಕ ಕಾಲೇಜಿನ ತರಬೇತುದಾರರು ಅವಳೊಡನೆ ಸೇರ್ಪಡೆಯ ಮಾತನಾಡುವಂತಿಲ್ಲ. ಆದರೆ ಹೋದ ತಿಂಗಳು ದೂಲದಿಂದಿಳಿಯುವಾಗ ಎಡ ಕಣಕಾಲು ಉಳುಕಿದೆ. ಮಗ ಫೋನಿನಲ್ಲಿ ಕಾಲೇಜಿನ ಮಾತೆತ್ತಿದಾಗಲೆಲ್ಲ ಅಜ್ಜಿ ಕೇಳುವುದು ಆ ಕಾಲಿನ ಊತ ಇಳಿಯಿತೇ ಎಂದು ಮಾತ್ರ.