ಅವ್ವನ ಪಥ್ಯ

ಕುರುಡುಮಲೆಯ ವಿನಾಯಕನ ಮುಂದೆ ಕಾಯಿ ಒಡೆಯದೆ ನಮ್ಮ ರಾಜ್ಯದ ದೊಡ್ಡ ನಾಯಕರು ಚುನಾವಣೆಯ ಪ್ರಚಾರಕ್ಕೆ ಹೊರಡುವುದು ಅಪರೂಪ. 1999ರಲ್ಲಿ ಎಸ್. ಎಂ. ಕೃಷ್ಣ ಪಾಂಚಜನ್ಯ ಯಾತ್ರೆ ಹೊರಟದ್ದು ಇಲ್ಲಿಂದ. 2022ರಲ್ಲಿ ಕುಮಾರಸ್ವಾಮಿಯವರ ಪಂಚರತ್ನ ಯಾತ್ರೆಗೂ ಇಲ್ಲಿಯೇ ಪೂಜೆಯಾಯಿತು. ಅವರಿಗೆಲ್ಲ ಎಷ್ಟೋ ಮೊದಲು, ಯಾವ ಪತ್ರಿಕೆಯ ಕಣ್ಣಿಗೂ ಬೀಳದೆ, ಇದೇ ಸನ್ನಿಧಿಯಿಂದ ತನ್ನ ದಂಡಯಾತ್ರೆ ಹೊರಡುತ್ತಿದ್ದವಳು ನಮ್ಮ ಅವ್ವ. ನಮ್ಮ ಕಡೆ ಅವ್ವ ಎಂದರೆ ತಾತನ ಹೆಂಡತಿ. ಮನೆಯ ಮಕ್ಕಳಿಗೆಲ್ಲ ಸಾಲಾಗಿ ಹರಳೆಣ್ಣೆ ಕುಡಿಸಬೇಕಾದರೆ, ಯಾರಿಗಾದರೂ ಒಂದು ಮಂಡಲ ಪಥ್ಯ ಹಿಡಿಸಬೇಕಾದರೆ, ಹಿಂದಿನ ದಿನ ಮುಳಬಾಗಿಲಿನ ಬಸ್ಸು ಹಿಡಿದು, ಅಲ್ಲಿಂದ ಕುರುಡುಮಲೆಗೆ ಹೋಗಿ ಅವನ ಅಪ್ಪಣೆ ಪಡೆದು ಬರುತ್ತಿದ್ದಳು. ಪ್ರಚಾರ ಸೋತದ್ದುಂಟು, ಅವ್ವನ ಹರಳೆಣ್ಣೆ ಸೋತದ್ದನ್ನು ನಾನು ಕಾಣೆ.

ಅಷ್ಟೊಂದು ದೇವರಿರುವಾಗ ವಿನಾಯಕನೇ ಏಕೆ ಎಂಬುದಕ್ಕೆ ಅವಳ ಬಳಿ ಕಾರಣವಿತ್ತು. 13 ಅಡಿಗೂ ಮಿಕ್ಕಿ ಎತ್ತರವಿರುವ ಆ ಏಕಶಿಲಾ ಮೂರ್ತಿಯ ಹೊಟ್ಟೆಯನ್ನೇ ನೋಡುತ್ತ ನಿಂತು, "ಕಡುಬು ತಿಂದು ಹೊಟ್ಟೆ ಒಡೆದು ಹಾವು ಕಟ್ಕೊಂಡೋನು ಇವನೊಬ್ನೇ. ಅಜೀರ್ಣದ ಸಂಕಟ ಬೇರೆ ದೇವರಿಗೆ ಏನು ಗೊತ್ತು?" ಎನ್ನುತ್ತಿದ್ದಳು. ಅರ್ಚಕರು ಕೊಟ್ಟ ಗರಿಕೆಯನ್ನು ಸೆರಗಿಗೆ ಗಂಟು ಹಾಕಿಕೊಂಡು ಬಂದು, ಅರೆದು ರಸ ಹಿಂಡಿ, ಉಷ್ಣವಾದವರಿಗೆ ಕುಡಿಸುತ್ತಿದ್ದಳು. ಹಿಂದಿರುಗುವ ದಾರಿಯಲ್ಲಿ ಮುಳಬಾಗಿಲು ದೋಸೆಗೆ ಮಾತ್ರ ಯಾವ ಪಥ್ಯವೂ ಅಡ್ಡ ಬರುತ್ತಿರಲಿಲ್ಲ. ದೇವರ ದರ್ಶನ ಮಾಡಿದ ದಿನ ತುಪ್ಪ ಯಾರಿಗೂ ಕೆಡುಕು ಮಾಡುವುದಿಲ್ಲ ಎಂಬುದು ಅವಳದೇ ಶಾಸ್ತ್ರ.

ಅವ್ವನಿಗೆ ಓದು ಬರಹ ಅಷ್ಟಕ್ಕಷ್ಟೆ. ಆದರೂ ತಿನ್ನುವ ಪದಾರ್ಥಗಳನ್ನೆಲ್ಲ ಅವಳು ಐದೇ ಮಾತಿನಲ್ಲಿ ವಿಂಗಡಿಸಿಬಿಟ್ಟಿದ್ದಳು: ಉಷ್ಣ, ತಂಪು, ವಾಯು, ಪಿತ್ತ, ನಂಜು. ಹುರುಳಿ ಉಷ್ಣ, ಮೆಂತ್ಯ ತಂಪು, ಅವರೆ ವಾಯು, ಹಸಿದ ಹೊಟ್ಟೆಯ ಕಾಫಿ ಪಿತ್ತ, ಬದನೆಕಾಯಿ ನಂಜು. ಇಷ್ಟನ್ನು ಯಾವ ಮನೆಯ ಹಿರಿಯಳೂ ಹೇಳಿಯಾಳು. ಅವ್ವನ ಹೆಚ್ಚುಗಾರಿಕೆ ಇದ್ದದ್ದು, ಯಾವುದು ಯಾರಿಗೆ ಆಗಿಬರುತ್ತದೆ, ಯಾರಿಗೆ ಆಗಿಬರುವುದಿಲ್ಲ ಎಂಬ ಲೆಕ್ಕದಲ್ಲಿ. ಶಾನುಭೋಗರು ಊರಿನ ಸರ್ವೆ ನಂಬರುಗಳನ್ನು ನೆನಪಿಟ್ಟುಕೊಂಡಂತೆ ಅವಳು ಮನೆಮಂದಿಯ ಹೊಟ್ಟೆಗಳನ್ನು ನೆನಪಿಟ್ಟುಕೊಂಡಿದ್ದಳು. ದೊಡ್ಡಪ್ಪನಿಗೆ ಹುಣಿಸೆ ಹೆಚ್ಚಾದರೆ ಕೀಲು ಹಿಡಿಯುತ್ತದೆ, ಚಿಕ್ಕಮ್ಮನಿಗೆ ಸೀಗಡಿಯ ವಾಸನೆ ತಗುಲಿದರೂ ಮೈಯೆಲ್ಲ ದದ್ದು, ಅಪ್ಪನಿಗೆ ರಾತ್ರಿ ಮೊಸರು ಕೂಡದು. ಮದುವೆಯಾಗಿ ಬಂದ ಸೊಸೆಯ ಹೊಟ್ಟೆ ಕೂಡ ಒಂದು ಯುಗಾದಿ ಕಳೆಯುವಷ್ಟರಲ್ಲಿ ಆ ಲೆಕ್ಕಕ್ಕೆ ಸೇರಿಬಿಡುತ್ತಿತ್ತು. ಒಬ್ಬೊಬ್ಬರ ಮೈಗೆ ಒಗ್ಗುವುದು ಬೇರೆ ಬೇರೆ ಎಂಬ ಮಾತನ್ನು ಚರಕಸಂಹಿತೆ ಸಾತ್ಮ್ಯ ಎಂಬ ಹೆಸರಿನಲ್ಲಿ ವಿಸ್ತಾರವಾಗಿ ಹೇಳುತ್ತದೆ. ಅವ್ವ ಚರಕನ ಹೆಸರನ್ನೂ ಕೇಳಿದವಳಲ್ಲ. ಎಲೆಯ ಮುಂದೆ ಕೂತವರ ಮುಖ ನೋಡಿ ಸೌಟು ತಿರುಗಿಸುತ್ತಿದ್ದಳು, ಅಷ್ಟೆ.

ಅವಳ ಹತ್ತಿರ ಒಂದು ತಗಡಿನ ಪೆಟ್ಟಿಗೆಯಿತ್ತು. ಅದರೊಳಗೆ ಬಜೆ, ಜಾಯಿಕಾಯಿ, ಮಾಚಿಕಾಯಿ, ಅಳಲೆಕಾಯಿ, ಒಣಶುಂಠಿ. ಜೊತೆಗೆ ಅಂಗೈಯಗಲದ ಒಂದು ತೇಯುವ ಕಲ್ಲು. ಮನೆಯಲ್ಲಿ ಕೂಸು ಹುಟ್ಟಿದರೆ ಪೆಟ್ಟಿಗೆ ಅಟ್ಟದಿಂದ ಇಳಿಯುತ್ತಿತ್ತು. ಬಜೆಯನ್ನು ಹರಳೆಣ್ಣೆಯ ದೀಪದಲ್ಲಿ ಕಪ್ಪಗೆ ಸುಟ್ಟು, ಕಲ್ಲಿನ ಮೇಲೆ ತಾಯಿಹಾಲು ಬಿಟ್ಟು ತೇಯಬೇಕು. ಇಷ್ಟು ಗ್ರಾಂ, ಇಷ್ಟು ಮಿಲಿ ಎಂಬುದೆಲ್ಲ ಇಲ್ಲ, ಅಳತೆಯೆಲ್ಲ ಸುತ್ತಿನದೇ. ಎಳೆಗೂಸಿಗೆ ಒಂದೇ ಸುತ್ತು, ಮಗ್ಗುಲಾದ ಮಗುವಿಗೆ ಎರಡು, ಅಂಬೆಗಾಲಿಟ್ಟರೆ ಮೂರು. ಸುತ್ತು ತಪ್ಪೀತೆಂದು ಆ ಹೊತ್ತಿನಲ್ಲಿ ಅವಳು ಯಾರ ಮಾತಿಗೂ ಓಗೊಡುತ್ತಿರಲಿಲ್ಲ. ಈಗಿನ ಮಕ್ಕಳ ವೈದ್ಯರು ಆರು ತಿಂಗಳವರೆಗೆ ತಾಯಿಹಾಲಲ್ಲದೆ ಬೇರೇನನ್ನೂ ನಾಲಿಗೆಗೆ ಸೋಕಿಸಬೇಡಿ ಎನ್ನುತ್ತಾರೆ. ಅವರ ಮಾತೇ ಸರಿ. ನಮ್ಮ ಮನೆಯಲ್ಲೂ ಈಗ ಯಾರೂ ತೇಯುವುದಿಲ್ಲ. ಕಲ್ಲಿನ ನಡುವಿನ ಆ ನುಣುಪಾದ ತಗ್ಗಿನಲ್ಲಿ ಮಾತ್ರ ನಮ್ಮೆಲ್ಲರ ಸುತ್ತುಗಳೂ ಉಳಿದಿವೆ.

ಅವ್ವನ ಲೆಕ್ಕದಲ್ಲಿ ನನ್ನ ಹೆಸರಿನ ಮುಂದೆ ಇದ್ದದ್ದು ಹಾಲು. ಕೋಲಾರ ಎಂದರೆ ಚಿನ್ನ, ರೇಷ್ಮೆ, ಹಾಲು ಎನ್ನುತ್ತಾರೆ. ಅಂಥ ಸೀಮೆಯಲ್ಲಿ ಹುಟ್ಟಿ ಹಾಲು ದಕ್ಕದ ಹೊಟ್ಟೆ ನನ್ನದು. ಒಂದು ಲೋಟ ಕುಡಿದರೆ ಗುಡುಗುಡು ಶುರು, ಆಮೇಲೆ ಹಿತ್ತಲಿಗೆ ಓಟ. ಬೆಳಗಾದರೆ ಡೈರಿಗೆ ಹಾಲು ಹಾಕುವ ಮನೆಯ ಹುಡುಗ ಹೀಗಾದರೆ ಜನ ಏನಂದಾರು ಎಂದು ತಾತನಿಗೆ ಚಿಂತೆ. ಅವ್ವ ಮಾತ್ರ, "ಹಾಲು ಒಪ್ಪದಿದ್ರೆ ಬಿಡಿ, ಮಜ್ಜಿಗೆ ಒಪ್ತದೆ" ಎಂದು ತೀರ್ಪು ಕೊಟ್ಟು, ರಾಗಿ ಅಂಬಲಿಗೆ ಮಜ್ಜಿಗೆ ಕಲಸಿ, ಇಂಗು ಜೀರಿಗೆ ಹಾಕಿ ಕುಡಿಸಿದಳು. ಹಾಲಿನ ಸಕ್ಕರೆಯನ್ನು ಅರಗಿಸುವ ಕಿಣ್ವ ನನ್ನಂಥವರ ಕರುಳಿನಲ್ಲಿ ಸಾಲದು, ಹೆಪ್ಪು ಹಾಕಿದಾಗ ಆ ಸಕ್ಕರೆಯ ಒಂದು ಪಾಲನ್ನು ಬ್ಯಾಕ್ಟೀರಿಯಾಗಳೇ ಮುಗಿಸಿರುತ್ತವೆ ಎಂಬುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಗ್ರಹಣಿ ರೋಗಕ್ಕೆ ಮಜ್ಜಿಗೆಯೇ ಮದ್ದೆಂದು ಚರಕನೂ ಹೇಳಿದ್ದಾನೆ. ಹಾಲು ಕುಡಿಯದ ಹುಡುಗನ ಮೂಳೆಯ ಗತಿಯೇನು ಎಂಬ ಭಯಕ್ಕೂ ಉತ್ತರ ಆ ಅಂಬಲಿಯಲ್ಲೇ ಇತ್ತು. ನೂರು ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂ ಸುಣ್ಣದಂಶವಿದೆ, ಅಷ್ಟೇ ತೂಕದ ಹಾಲಿನಲ್ಲಿ ಇರುವುದು ಅದರ ಮೂರರಲ್ಲೊಂದು ಭಾಗ. ಅವ್ವ ಇದನ್ನು ಬೇರೆ ರೀತಿ ಹೇಳುತ್ತಿದ್ದಳು: "ಮುದ್ದೆ ತಿಂದೋನ ಕೈ ತಿರುವೋಕೆ ಯಮನಿಗೂ ಆಗಲ್ಲ."

ಹಾಗೆಂದು ಅವಳದು ಕುರುಡು ನಂಬಿಕೆಯಲ್ಲ. ಬಂಡೆಗಳ ನಡುವಿನ ನಮ್ಮ ಊರಿನಲ್ಲಿ ಚೇಳಿಗೇನು ಬರವೇ? ಚೇಳು ಕುಟುಕಿದರೆ ಕೋಲಾರದ ಕೋಲಾರಮ್ಮನ ಗುಡಿಯಲ್ಲಿರುವ ಚೇಳಮ್ಮನಿಗೆ ಹರಕೆ. ಆದರೆ ಅರಿಶಿನದ ಬಟ್ಟೆಯಲ್ಲಿ ಕಾಣಿಕೆ ಕಟ್ಟಿ ಮುಗಿಸುವ ಮೊದಲೇ ಇನ್ನೊಂದು ಕೈಯಿಂದ ಬಸ್ ಚಾರ್ಜು ಕೊಟ್ಟು, "ಮೊದ್ಲು ಆಸ್ಪತ್ರೆಗೆ ಹೋಗ್ರೋ, ಚೇಳಮ್ಮ ಅಲ್ಲಿಗೇ ಬರ್ತಾಳೆ" ಎಂದು ಓಡಿಸುತ್ತಿದ್ದಳು. 2020ರಲ್ಲಿ ಕೊರೊನಾ ಬಂದು, ತುಳಸಿ, ಶುಂಠಿ, ಮೆಣಸು, ಚಕ್ಕೆಯ ಕಷಾಯ ಕುಡಿಯಿರೆಂದು ಕೇಂದ್ರದ ಆಯುಷ್ ಸಚಿವಾಲಯವೇ ಹೇಳಿದಾಗ ಅವ್ವ ಇರಬೇಕಿತ್ತು ಎನಿಸಿತು. ದೆಹಲಿಯವರಿಗೆ ಈಗ ಬುದ್ಧಿ ಬಂತು ಎಂದು ಹಿಗ್ಗುತ್ತಿದ್ದಳೋ, ಅಥವಾ ಬೆಲ್ಲ ಎಷ್ಟು ಹಾಕಬೇಕೆಂದು ಸರಿಯಾಗಿ ಬರೆದಿಲ್ಲ ಎಂದು ತಪ್ಪು ಹಿಡಿಯುತ್ತಿದ್ದಳೋ ತಿಳಿಯದು.

ಇಷ್ಟೆಲ್ಲ ನಿಷೇಧಗಳ ನಡುವೆ ನಮ್ಮ ತಾತನ ಪ್ರಾಣ ಹಿಂಡಿದ್ದು ಬದನೆಕಾಯಿ. ಎಣ್ಣೆಗಾಯಿ ಎಂದರೆ ಅವರಿಗೆ ಪಂಚಪ್ರಾಣ. ಗಾಯ, ಕಜ್ಜಿ, ಕುರು ಇರುವವರು ಬದನೆಕಾಯಿ ಮುಟ್ಟಬಾರದು, ನಂಜಾಗುತ್ತದೆ ಎಂಬುದು ಎಲ್ಲರೂ ಬಲ್ಲ ಮಾತು. ಆದರೆ ಕೂಡು ಸಂಸಾರದಲ್ಲಿ ಯಾರಿಗಾದರೂ ಏನಾದರೂ ಇದ್ದೇ ಇರುತ್ತದೆ. ಬೇಸಿಗೆಯಲ್ಲಿ ಶ್ರೀನಿವಾಸಪುರದ ಮಾವು ತಿಂದು ನನ್ನ ಕಾಲ ಮೇಲೆ ಗುಳ್ಳೆ. ಅದು ಮಾಯುವಷ್ಟರಲ್ಲಿ ಮಳೆಗಾಲ, ಗದ್ದೆಗಿಳಿದ ಚಿಕ್ಕಪ್ಪನ ಕಾಲ್ಬೆರಳ ಸಂದಿಯಲ್ಲಿ ಕೆಸರುಹುಣ್ಣು. ಅದು ಹೋದರೆ ಅವರೆಕಾಯಿಯ ಕಾಲ. ಹಿತುಕಿದ ಬೇಳೆಯ ಸಾರಿಗೆ ಮುದ್ದೆ ಇರುವಾಗ ಬದನೆಕಾಯಿಯನ್ನು ಕೇಳುವವರಾದರೂ ಯಾರು? ಹೀಗೆ ನಮ್ಮ ಮನೆಯಲ್ಲಿ ಬದನೆಕಾಯಿಗೆ ಮುಹೂರ್ತವೇ ಕೂಡಿಬರಲಿಲ್ಲ. ತಾತ ನೆಂಟರ ಮದುವೆಗಳಿಗೆ ಕಾದಿದ್ದು, ಎಲೆಯ ತುದಿಯಲ್ಲಿ ಎರಡೆರಡು ಸಲ ಎಣ್ಣೆಗಾಯಿ ಬಡಿಸಿಕೊಂಡು ಬರುತ್ತಿದ್ದರು.

ಮೊನ್ನೆ ಬೆಂಗಳೂರಿನಲ್ಲಿ ನನ್ನ ಪುಟ್ಟ ಮೊಮ್ಮಗಳಿಗೆ ಕಡಲೆಕಾಯಿ ಚಟ್ನಿ ತಿಂದು ತುಟಿ ಊದಿಕೊಂಡಿತು. ಅಲರ್ಜಿ ತಜ್ಞರು ಪರೀಕ್ಷೆ ಮಾಡಿ, "ಇದು ಕಷಾಯಕ್ಕೆ ಬಗ್ಗೋ ವಿಷಯ ಅಲ್ಲ. ಕಡಲೆಕಾಯಿ ಪೂರ್ತಿ ಬಿಡಿ, ಈ ಇಂಜೆಕ್ಷನ್ ಸದಾ ಹತ್ತಿರ ಇರಲಿ" ಎಂದರು. ಆಮೇಲೆ ಒಂದು ಹಾಳೆ ಮುಂದಿಟ್ಟು, "ನಿಮ್ಮ ವಂಶದಲ್ಲಿ ಯಾರಿಗೆ ಯಾವ ಆಹಾರ ಆಗಿಬರ್ತಿರಲಿಲ್ಲ? ನೆನಪಿರೋವಷ್ಟು ಬರೀರಿ ಸಾರ್" ಎಂದರು. ಆ ಲೆಕ್ಕವಿದ್ದದ್ದು ಒಬ್ಬಳ ಬಳಿ. ಅವಳು ಹೋಗಿ ವರ್ಷಗಳಾದವು. ನೆಂಟರಿಗೆಲ್ಲ ಫೋನ್ ಮಾಡುತ್ತ ಕೂತೆ. ಒಬ್ಬೊಬ್ಬರ ನೆನಪು ಒಂದೊಂದು ದಿಕ್ಕಿಗೆ. ದೊಡ್ಡಪ್ಪನ ಹುಣಿಸೆ ಚಿಕ್ಕಪ್ಪನ ತಲೆಗೆ ಬಂತು, ಚಿಕ್ಕಮ್ಮನ ಸೀಗಡಿ ಏಡಿಯಾಯಿತು. ಎಲ್ಲರೂ ಒಮ್ಮತದಿಂದ ಹೇಳಿದ್ದು ಬದನೆಕಾಯಿ ಒಂದನ್ನೇ. "ನಮ್ಮ ಮನೆತನಕ್ಕೇ ಅದು ನಂಜು" ಎಂದ ದೊಡ್ಡಪ್ಪನ ಮಗ. ಅವನ ಹೆಂಡತಿ ಈಗಲೂ ಸಾರಿಗೆ ಬದನೆಕಾಯಿ ಹಾಕುವುದಿಲ್ಲ.

ಬದನೆಕಾಯಿಯ ಬಗ್ಗೆ ಮೈಸೂರಿನ ವಿಜ್ಞಾನಿಗಳು ನಡೆಸಿದ ಒಂದು ಅಧ್ಯಯನ 2008ರಲ್ಲಿ ಪ್ರಕಟವಾಗಿದೆ. ಏಳುನೂರಕ್ಕೂ ಹೆಚ್ಚು ಜನರನ್ನು ವಿಚಾರಿಸಿದಾಗ ಹೆಚ್ಚುಕಡಿಮೆ ಹತ್ತರಲ್ಲೊಬ್ಬರು ಬದನೆಕಾಯಿ ತಿಂದರೆ ತೊಂದರೆಯಾಗುತ್ತದೆ ಎಂದರಂತೆ. ಪರೀಕ್ಷೆಯಲ್ಲಿ ಅಲರ್ಜಿಯೆಂದೇ ಗಟ್ಟಿಯಾದದ್ದು ನೂರಕ್ಕೆ ಒಬ್ಬರಿಗೂ ಇಲ್ಲ. ತೊಂದರೆ ಗಂಡಸರಿಗಿಂತ ಹೆಂಗಸರಲ್ಲೇ ಹೆಚ್ಚು. ಕೊನೆಗೆ ಶ್ರೀನಿವಾಸಪುರದ ಅತ್ತೆಗೆ ಫೋನ್ ಮಾಡಿ ಈ ಸಂಗತಿಯನ್ನೆಲ್ಲ ಹೇಳಿ, ನಮ್ಮ ಮನೆಯಲ್ಲಿ ಬದನೆಕಾಯಿ ನಿಜಕ್ಕೂ ಯಾರಿಗೆ ಆಗುತ್ತಿರಲಿಲ್ಲ ಎಂದು ಕೇಳಿದೆ.

"ನಿಮಗ್ಯಾರಿಗೂ ಅದು ಏನೂ ಮಾಡ್ತಿರ್ಲಿಲ್ಲ ಕಣೋ" ಎಂದರು ಅತ್ತೆ. "ಆಗದೆ ಇದ್ದದ್ದು ಅಮ್ಮನಿಗೆ. ಹೆಚ್ಚಿದ್ರೆ ಕೈಯೆಲ್ಲ ನವೆ, ತಿಂದ್ರೆ ಗಂಟಲೆಲ್ಲ ಕೆರೆತ. ನಮ್ಮಜ್ಜಿ ಇರೋ ತನಕ ಎಲ್ಲರ ಜೊತೆ ತಿಂದು, ಹಿತ್ತಲಿಗೆ ಹೋಗಿ ಉಪ್ಪುನೀರಲ್ಲಿ ಬಾಯಿ ಮುಕ್ಕಳಿಸೋಳು. ನಾನೇ ನೋಡಿದ್ದೀನಿ."

"ಆಗಲ್ಲ ಅಂತ ಒಂದು ಮಾತು ಹೇಳಬಹುದಿತ್ತಲ್ಲ ಅತ್ತೆ?"

"ಸೊಸೆಗೆ ಆಗಲ್ಲ ಅಂದ್ರೆ ಅಷ್ಟು ದೊಡ್ಡ ಮನೇಲಿ ಸಾರು ಬದಲಾಯಿಸ್ತಾರೇನೋ? ಮೊಮ್ಮಗನ ಕಾಲಲ್ಲಿ ಗುಳ್ಳೆ ಎದ್ದಿದೆ ಅಂದ್ರೆ ನಿಮ್ಮ ತಾತನೂ ಸುಮ್ನೆ ಬೇಳೆಸಾರು ಉಣ್ತಿದ್ರು. ನಿನ್ನ ಗುಳ್ಳೆ ಅವಳಿಗೆ ದೇವರು ಕೊಟ್ಟ ವರ ಕಣೋ. ವಾಸಿಯಾಗೋಕೆ ಬಂದ್ರೆ ಇನ್ನೊಂದು ಮಾವಿನಹಣ್ಣು ತಿನ್ಸೋಳು!"