ಫಿರನ್ನಿನೊಳಗಿನ ಕೆಂಡ

ದಿಲ್ಲಿಯ ಚಳಿಯೇ ಹೆಚ್ಚಾಯಿತು ಎನ್ನುವವರು ಒಮ್ಮೆ ಡಿಸೆಂಬರ್ ಕೊನೆಯಲ್ಲಿ ಶ್ರೀನಗರಕ್ಕೆ ಹೋಗಿ ಬನ್ನಿ. 2025ರ ಜೂನ್‌ನಲ್ಲಿ ಕಟ್ರಾದಿಂದ ರೈಲೂ ಆರಂಭವಾಗಿದೆ. ಡಿಸೆಂಬರ್ 21ರಿಂದ 40 ದಿನ ಅಲ್ಲಿ ‘ಚಿಲ್ಲಾಯ್ ಕಲಾನ್’, ಎಂದರೆ ಹಿರಿ ಚಳಿ. ನಲ್ಲಿಯ ನೀರು ಕೊಳವೆಯಲ್ಲೇ ಹೆಪ್ಪುಗಟ್ಟುತ್ತದೆ. ಹಿಮ ನೋಡಲು ಹೋದ ನಿಮ್ಮ ಕಿವಿಗೆ ಬೀಳುವುದು ಮಾತ್ರ ಸೌದೆಯ ಮಾತು.

ನಾವು ಇಳಿದುಕೊಂಡದ್ದು ಒಂದು ಮನೆಯ ಮಹಡಿಯಲ್ಲಿ. ಕೋಣೆಯಲ್ಲಿ ಬುಖಾರಿ ಇತ್ತು: ಹೊಗೆ ಹೊರಹೋಗಲು ಕೊಳವೆಯಿರುವ ತಗಡಿನ ಒಲೆ. ಬಾಡಿಗೆಯಲ್ಲದೆ ಸೌದೆಗೂ ಬೇರೆ ಹಣವೆಂದಾಗ ನಾನು ಚೌಕಾಸಿಗಿಳಿದೆ. ಯಜಮಾನರು ವಾದಿಸದೆ ಅರ್ಧಕ್ಕೆ ಒಪ್ಪಿದರು. ಗೆದ್ದ ಹುಮ್ಮಸ್ಸಿನಲ್ಲಿ ಮಲಗುವವರೆಗೂ ಧಾರಾಳವಾಗಿ ಸೌದೆ ಉರಿಸಿದೆವು.

ಬೆಳಿಗ್ಗೆ ಕೆಳಗಿಳಿದು ನೋಡುತ್ತೇನೆ, ಮನೆಯವರೆಲ್ಲ ಅಡಿಗೆಮನೆಯೊಂದರಲ್ಲೇ ಒತ್ತಿ ಕುಳಿತಿದ್ದಾರೆ. ಅವರ ಕೋಣೆಯ ಬುಖಾರಿ ತಣ್ಣಗಿತ್ತು. “ಸೌದೆ ಮೇಲಿನ ಕೋಣೆಗೆ, ಸಾಹೇಬರೇ. ನಮಗೆ ಕಾಂಗ್ರಿ ಇದೆಯಲ್ಲ” ಎಂದರು ಯಜಮಾನರು.

ಕಾಂಗ್ರಿ ಎಂದರೆ ಕಡ್ಡಿಯಿಂದ ಹೆಣೆದ ಬುಟ್ಟಿಯೊಳಗೆ ಕೂರಿಸಿದ ಮಣ್ಣಿನ ಕುಡಿಕೆ. ಅದರಲ್ಲಿ ಇದ್ದಿಲ ಕೆಂಡ, ಮೇಲೆ ಬೂದಿ. ಫಿರನ್ ಎಂಬ ನಿಲುವಂಗಿಯೊಳಗೆ ಅದನ್ನಿಟ್ಟುಕೊಂಡೇ ಓಡಾಡುತ್ತಾರೆ. ನಮ್ಮ ಅಗ್ಗಿಷ್ಟಿಕೆಯನ್ನೇ ಹೊಟ್ಟೆಗೆ ಅಪ್ಪಿಕೊಂಡಂತೆ! ಶರತ್ಕಾಲದಲ್ಲಿ ಉದುರುವ ಚಿನಾರ್ ಎಲೆಗಳನ್ನು ಹೆಂಗಸರು ಗುಡಿಸಿ, ರಾಶಿ ಹಾಕಿ ಸುಡುತ್ತಾರೆ. ಬೂದಿಯಾಗುವ ಮೊದಲೇ ನೀರು ಚಿಮುಕಿಸಿ ಇದ್ದಿಲು ಮಾಡಿಟ್ಟುಕೊಳ್ಳುತ್ತಾರೆ. ಸೇಬಿನ ತೋಟದಲ್ಲಿ ಸವರಿದ ರೆಂಬೆಗಳೂ ಹೀಗೆಯೇ ಇದ್ದಿಲಾಗುತ್ತವೆ. ತೋಟವಿಲ್ಲದ, ಗುಡಿಸಲು ಅಂಗಳವಿಲ್ಲದ ಪೇಟೆಯವರು ಮಾತ್ರ ಎಲ್ಲವನ್ನೂ ದುಡ್ಡು ಕೊಟ್ಟೇ ತರಬೇಕು.

ವಿದ್ಯುತ್ತು ಇಲ್ಲವೇ ಎಂದು ನೀವು ಕೇಳಬಹುದು. ಅಲ್ಲಿ ತಯಾರಾಗುವ ವಿದ್ಯುತ್ತು ಬಹುಪಾಲು ನದಿನೀರಿನದು. ಚಳಿ ಏರಿದಷ್ಟೂ ನದಿಯ ಹರಿವು ಇಳಿಯುತ್ತದೆ, ಬೇಕೆಂದಾಗಲೇ ಕಡಿತ. ಇನ್ನು ಗ್ಯಾಸು. ದಿಲ್ಲಿಯಲ್ಲಿ 2020ರ ಜೂನ್‌ನಲ್ಲಿ 593 ರೂಪಾಯಿ ಇದ್ದ 14.2 ಕಿಲೋ ಸಿಲಿಂಡರ್ 2023ರ ಮಾರ್ಚಿನಲ್ಲಿ 1,103 ಆಯಿತು. ಅದೇ ಆಗಸ್ಟಿನಲ್ಲಿ 200 ರೂಪಾಯಿ ಇಳಿಯಿತು, ನಿಜ. ಆದರೆ ಸಾಗಣೆ ಸೇರುವ ಶ್ರೀನಗರದಲ್ಲಿ ಬೆಲೆ ದಿಲ್ಲಿಗಿಂತ ಹೆಚ್ಚು. ನಮಗೆ ಗ್ಯಾಸು ಅಡಿಗೆಗೆ ಸಾಕು, ಅವರಿಗೆ ಕೋಣೆಯನ್ನೂ ಬೆಚ್ಚಗಿಡಬೇಕು.

ಇದೆಲ್ಲ ತಿಳಿದ ಮೇಲೆ, ನಾನು ಇಳಿಸಿದ್ದು ಬೆಲೆಯನ್ನಲ್ಲ, ಆ ಮನೆಯ ಬಿಸಿಯನ್ನು ಎನ್ನಿಸಿತು. ಹೊರಡುವ ದಿನ ಉಳಿದರ್ಧವನ್ನೂ ಕೈಯಲ್ಲಿಟ್ಟೆ. ಅವರು ಬೇಡವೆಂದರು, ನಾನು ಬಿಡಲಿಲ್ಲ. ವಾಹನ ಬರುವವರೆಗೆ ಹಿಡಿದುಕೊಳ್ಳಿ ಎಂದು ತಮ್ಮ ಕಾಂಗ್ರಿಯನ್ನೇ ಕೆದಕಿ ಕೊಟ್ಟರು.

ನೀವೂ ಹೋಗಿ ಬನ್ನಿ. ಬುಖಾರಿ ಉರಿಯುವಾಗ ಕಿಟಕಿಯನ್ನು ಸ್ವಲ್ಪ ತೆರೆದಿಡಿ, ಮುಚ್ಚಿದ ಕೋಣೆಯಲ್ಲಿ ಅದರ ವಿಷಾನಿಲ ಪ್ರಾಣಕ್ಕೆ ಅಪಾಯ. ಶಾಲಿಗೆ ಬೇಕಾದಷ್ಟು ಚೌಕಾಸಿ ಮಾಡಿ. ಸೌದೆಗೆ ಮಾತ್ರ ಕೇಳಿದಷ್ಟು ಕೊಟ್ಟುಬಿಡಿ.