ಪುಟ್ಟ ಮನೆ, ಸೊಟ್ಟ ಬೆರಳು, ಒಂದು ಪ್ರೀತಿ

ಮೊನ್ನೆ ಭಾನುವಾರ ನಾವು ಮೂವರು ಸಾಗರದ ಹತ್ತಿರ ಗೆಳತಿಯ ಮನೆಯಲ್ಲಿ ‘ಮೌಡಿ’ ಸಿನಿಮಾ ನೋಡಿದೆವು. 2016ರ ಇಂಗ್ಲಿಷ್ ಚಿತ್ರ. ನಿರ್ದೇಶಕಿ ಆಶ್ಲಿಂಗ್ ವಾಲ್ಶ್. ಗೆಳತಿಯ ಅಮ್ಮನೂ ಜೊತೆಗೆ ಕೂತರು. ಅವರಿಗೆ ಇಂಗ್ಲಿಷ್ ಬಾರದು. ಆದರೂ ನಮಗಿಂತ ಚೆನ್ನಾಗಿ ನೋಡಿದ್ದು ಅವರೇ.

ಇದು ಕೆನಡಾದ ನೋವಾ ಸ್ಕೋಶಿಯಾದಲ್ಲಿದ್ದ ಚಿತ್ರಗಾರ್ತಿ ಮೌಡ್ ಲೂಯಿಸ್ ಕಥೆ. ಚಿಕ್ಕಂದಿನಿಂದಲೇ ಸಂಧಿವಾತ. ಬೆರಳು ಸೊಟ್ಟ, ಕತ್ತು ಬಗ್ಗಿದ್ದು. ‘ಇವಳ ಕೈಲಿ ಏನೂ ಆಗಲ್ಲ’ ಅನ್ನುವುದನ್ನು ಮನೆಯವರಿಂದಲೇ ಕೇಳಿ ಕೇಳಿ, ಎದುರಿಗಿದ್ದವರ ಮುಖ ನೋಡಿ ಮಾತಾಡಲೂ ಅಂಜುವವಳು. ಮೀನು ಮಾರುವ ಎವರೆಟ್‌ಗೆ ಮನೆಗೆಲಸದವಳು ಬೇಕಾಗಿರುತ್ತದೆ. ಇವಳು ಕುಂಟುತ್ತಾ ಹೋಗಿ ಬಾಗಿಲು ತಟ್ಟುತ್ತಾಳೆ.

ಅವನು ಒರಟ. ಈ ಮನೆಯಲ್ಲಿ ಮೊದಲು ನಾನು, ಆಮೇಲೆ ನಾಯಿ, ಆಮೇಲೆ ಕೋಳಿ, ಕೊನೆಗೆ ನೀನು ಅನ್ನುತ್ತಾನೆ. ಒಮ್ಮೆ ಗೆಳೆಯನ ಎದುರೇ ಅವಳ ಕೆನ್ನೆಗೆ ಹೊಡೆಯುತ್ತಾನೆ. ಅಮ್ಮ ಅಲ್ಲಿಯೇ ಕೇಳಿದರು: ‘ಇವಳು ಯಾಕೆ ಹೊರಟು ಹೋಗ್ಲಿಲ್ಲ?’ ಹೋಗಲು ಜಾಗ ಇರಲಿಲ್ಲ ಅಂದೆವು. ಅಮ್ಮ ಮತ್ತೆ ಮಾತಾಡಲಿಲ್ಲ.

ಮೌಡ್ ಗೋಡೆಯ ಮೇಲೆ ಹೂವು, ಹಕ್ಕಿ ಬರೆಯಲು ಶುರು ಮಾಡುತ್ತಾಳೆ. ಕಿಟಕಿ, ಬಾಗಿಲು, ಒಲೆ, ಯಾವುದನ್ನೂ ಬಿಡುವುದಿಲ್ಲ. ಅವನು ಗೊಣಗುತ್ತಾನೆ, ಆದರೆ ಅಳಿಸುವುದಿಲ್ಲ. ನಿಜ ಜೀವನದಲ್ಲೂ 1938ರಲ್ಲಿ ಇಬ್ಬರೂ ಮದುವೆಯಾದರು. ಮುಂದೆ ಅಡುಗೆ, ಮನೆಗೆಲಸವನ್ನು ಎವರೆಟ್ಟೇ ನೋಡಿಕೊಂಡ. ಕೆಲಸಕ್ಕೆ ಬಂದವಳು ಬ್ರಷ್ ಹಿಡಿದಳು, ಯಜಮಾನ ಒಲೆ ಮುಂದೆ ನಿಂತ. ಇದನ್ನು ಹೇಳಿದಾಗ ಅಮ್ಮ ಜೋರಾಗಿ ನಕ್ಕರು.

ಸಿನಿಮಾದಲ್ಲಿ ‘ನಿನ್ನನ್ನು ಪ್ರೀತಿಸುತ್ತೇನೆ’ ಎಂದು ಎದೆ ಬಡಿದುಕೊಳ್ಳುವ ದೃಶ್ಯವೇ ಇಲ್ಲ. ಮದುವೆಯ ದಿನ ಅವಳನ್ನು ಗಾಡಿಯಲ್ಲಿ ಕೂರಿಸಿ ತಳ್ಳಿಕೊಂಡು ಬರುತ್ತಾನೆ. ರಾತ್ರಿ ಅವನ ಪಾದದ ಮೇಲೆ ತನ್ನ ಪಾದವಿಟ್ಟು ಅವಳು ಕುಣಿಯುತ್ತಾಳೆ. ಅಷ್ಟೇ. ಮುಂದೊಂದು ದಿನ ಜಗಳವಾಗಿ ಅವಳು ಮನೆ ಬಿಟ್ಟಾಗ ಅವನೇ ಹುಡುಕಿಕೊಂಡು ಬರುತ್ತಾನೆ. ಸ್ಯಾಲಿ ಹಾಕಿನ್ಸ್, ಈಥನ್ ಹಾಕ್ ಇಬ್ಬರೂ ಹೆಚ್ಚು ಮಾತಿಲ್ಲದೆ ಇದನ್ನೆಲ್ಲ ನಂಬಿಸುತ್ತಾರೆ.

ಮೌಡ್ ತನ್ನ ಚಿತ್ರಗಳನ್ನು ಎರಡು, ಮೂರು ಡಾಲರಿಗೆ ಮಾರುತ್ತಿದ್ದಳು. 1970ರಲ್ಲಿ ತೀರಿಕೊಂಡಳು. 2022ರಲ್ಲಿ ಅವಳ ಒಂದು ಚಿತ್ರ 3,50,000 ಕೆನಡಾ ಡಾಲರಿಗೆ ಹರಾಜಾಯಿತು. ಅವಳ ಪುಟ್ಟ ಮನೆ ಈಗ ಹ್ಯಾಲಿಫ್ಯಾಕ್ಸ್ ನಗರದ ಕಲಾ ಗ್ಯಾಲರಿಯೊಳಗೆ ಇದೆ.

ಸಿನಿಮಾ ಮುಗಿದ ಮೇಲೆ ನಮ್ಮಲ್ಲಿ ವಾದವಾಯಿತು. ಹೊಡೆದವನದ್ದು ಪ್ರೀತಿಯಾ? ಒಬ್ಬರು ಹೌದು, ಅವನು ಬದಲಾದ ಅಂದರು. ಇನ್ನೊಬ್ಬರು ಅವಳೇ ಸಹಿಸಿಕೊಂಡಳು ಅಂದರು. ಅಮ್ಮ ಅಂದರು: ‘ಆಮೇಲೆ ಅಡುಗೆ ಮಾಡಿದ್ದು ಒಳ್ಳೇದೇ. ಹಂಗಂತ ಹೊಡೆದದ್ದು ಒಳ್ಳೇದಾಗಲ್ಲ. ಎರಡನ್ನೂ ಬರೀರಿ.’ ಅದಕ್ಕೇ ಎರಡನ್ನೂ ಬರೆದಿದ್ದೇವೆ.

ಅಮ್ಮ ಹಸೆ ಚಿತ್ತಾರ ಬರೆಯುತ್ತಾರೆ. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿ ಹಿಟ್ಟಿನ ಗೆರೆ, ಪುಂಡಿ ನಾರಿನ ಕುಂಚ. ಆ ಮನೆಗೆ ನಾವು ಎಷ್ಟು ಸಲ ಹೋಗಿಲ್ಲ! ಆ ಗೋಡೆಗೆ ಬೆನ್ನು ಕೊಟ್ಟು ಎಷ್ಟು ಸೆಲ್ಫಿ ತೆಗೆದಿಲ್ಲ! ಎಷ್ಟು ದಿನ ಬೇಕಾಯ್ತಮ್ಮಾ, ಯಾರು ಕಲಿಸಿದ್ದು ಎಂದು ಕೇಳಿದ್ದು ಮಾತ್ರ ಅವತ್ತೇ ಮೊದಲು.